ಐಸಿ ಡೂಪ್ಲಿಕೇಟ್ ಅಲ್ಲ, ಸ್ಕೋಪ್ ಕಡೆ ಸ್ವಲ್ಪ ನೋಡಿ

ಶಿವಮೊಗ್ಗದ ನನ್ನ ವರ್ಕ್‌ಶಾಪಿಗೆ ಲ್ಯಾಬ್ ಪರೀಕ್ಷೆ ಹತ್ತಿರ ಬಂದಾಗ ಇಂಜಿನಿಯರಿಂಗ್ ಹುಡುಗರು ಬರತೊಡಗುತ್ತಾರೆ. ಎಲ್ಲರದ್ದೂ ಒಂದೇ ದೂರು: "ಸರ್, ಐಸಿ ಡೂಪ್ಲಿಕೇಟ್." ಅಂದರೆ ಚಿಪ್ಪೇ ನಕಲಿ.

ಮೊನ್ನೆ ತೀರ್ಥಹಳ್ಳಿ ಕಡೆಯ ಹುಡುಗಿಯೊಬ್ಬಳು ಬಂದಳು. ಹೊರಗೆ ಜೋರು ಮಳೆ, ರೆಕಾರ್ಡ್ ಪುಸ್ತಕ ಪ್ಲಾಸ್ಟಿಕ್ ಕವರಿನೊಳಗೆ. 741 ಆಪ್-ಆಂಪ್ (ಸಿಗ್ನಲ್ ದೊಡ್ಡದು ಮಾಡುವ ಐಸಿ), ನಾನ್-ಇನ್ವರ್ಟಿಂಗ್ (ಸಿಗ್ನಲ್ ತಲೆಕೆಳಗಾಗದ ಜೋಡಣೆ), ಗೇನ್ 10, ಅಂದರೆ ಹತ್ತು ಪಟ್ಟು. ಔಟ್‌ಪುಟ್ ಮೊದಲಿನ 0.707 ಪಾಲಿಗೆ ಇಳಿದದ್ದು 18 ಕಿಲೋಹರ್ಟ್ಸ್‌ನಲ್ಲಿ. ಹತ್ತರಿಂದ ಗುಣಿಸಿ ಗೇನ್ ಬ್ಯಾಂಡ್‌ವಿಡ್ತ್ (ಗೇನ್ ಮತ್ತು ಆ ಫ್ರೀಕ್ವೆನ್ಸಿಯ ಗುಣಲಬ್ಧ) 180 ಕಿಲೋಹರ್ಟ್ಸ್ ಎಂದು ಬರೆದಿದ್ದಳು. ಡೇಟಾಶೀಟ್ ಹೇಳುವುದು ಸುಮಾರು 1 ಮೆಗಾಹರ್ಟ್ಸ್. ಮೂರು ಐಸಿ ಬದಲಾಯಿಸಿದರೂ ಅಷ್ಟೇ ಬಂತಂತೆ.

"ಮೂರೂ ಡೂಪ್ಲಿಕೇಟ್ ಆಗಿ ಮೂರೂ ಒಂದೇ ಲೆಕ್ಕ ಕೊಡ್ತಾವಾ ಮಾರಾಯ್ತಿ?" ಅಂದೆ. ನಕ್ಕಳು, ಆದರೆ ನಂಬಲಿಲ್ಲ.

ಅವಳ ಬ್ರೆಡ್‌ಬೋರ್ಡನ್ನೇ ಸ್ಕೋಪ್‌ಗೆ (ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪ್) ಹಾಕಿದೆ. ಇನ್‌ಪುಟ್ 2 ವೋಲ್ಟ್ ಪೀಕ್-ಟು-ಪೀಕ್, ಔಟ್‌ಪುಟ್ 20. ಫ್ರೀಕ್ವೆನ್ಸಿ ಏರಿಸುತ್ತಾ ಹೋದಂತೆ ಸೈನ್ ವೇವ್‌ನ ದುಂಡಗಿನ ತಲೆ ಚೂಪಾಯಿತು, ಬದಿಗಳು ನೆಟ್ಟಗಾದವು. 18 ಕಿಲೋಹರ್ಟ್ಸ್ ಬರುವ ಹೊತ್ತಿಗೆ ಅದು ಅಪ್ಪಟ ತ್ರಿಕೋನ. ಅವಳು ಎತ್ತರ ಮಾತ್ರ ಅಳೆದಿದ್ದಳು, ಆಕಾರ ನೋಡಿರಲಿಲ್ಲ. ಯಾರೂ ನೋಡುವುದಿಲ್ಲ. ನನಗೆ ತಲೆ ಕೆಡುವುದೇ ಇಲ್ಲಿ.

ಬಚ್ಚಲ ಹಂಡೆಗೆ ನೀರು ಬಿಡುತ್ತೀರಿ ಅನ್ನಿ. ನಲ್ಲಿ ಪೂರ್ತಿ ತಿರುಗಿಸಿದ ಮೇಲೆ ನಿಮಗೆ ಎಷ್ಟೇ ಅವಸರವಿದ್ದರೂ ಹಂಡೆ ಅದರ ಪಾಡಿಗೆ ತುಂಬುತ್ತದೆ. 741ರ ಹಂಡೆ ಅಂದ್ರೆ ಒಳಗಿರುವ 30 ಪಿಕೋಫ್ಯಾರಡ್ ಕೆಪಾಸಿಟರ್. ಮೊದಲ ಹಂತ ಅದಕ್ಕೆ ಕೊಡಬಲ್ಲ ಕರೆಂಟು ಹೆಚ್ಚೆಂದರೆ 20 ಮೈಕ್ರೋಆಂಪ್ ಆಸುಪಾಸು. ಭಾಗಿಸಿ ನೋಡಿ, ಮೈಕ್ರೋಸೆಕೆಂಡಿಗೆ ಅರ್ಧ ವೋಲ್ಟ್ ಚಿಲ್ಲರೆ. ಇದೇ ಸ್ಲೂ ರೇಟ್, ಔಟ್‌ಪುಟ್ ಏರಿಳಿಯಬಲ್ಲ ಗರಿಷ್ಠ ವೇಗ. ಡೇಟಾಶೀಟ್‌ನಲ್ಲಿ 0.5 ಅಂತ ಇರುತ್ತದೆ.

ಗೇನ್ ಬ್ಯಾಂಡ್‌ವಿಡ್ತ್ ಬೇರೆ ವಿಷಯ. ಅದು ನಲ್ಲಿ ಪೂರ್ತಿ ತೆರೆಯದೇ ಇದ್ದಾಗಿನ, ಸಣ್ಣ ಸಿಗ್ನಲ್‌ನ ಲೆಕ್ಕ. 10 ವೋಲ್ಟ್ ಪೀಕ್ ಕೇಳಿದರೆ 741 ಸುಮಾರು 8 ಕಿಲೋಹರ್ಟ್ಸ್‌ನಲ್ಲೇ ಏದುಸಿರು ಬಿಡಲು ಶುರು ಮಾಡುತ್ತದೆ. ಸ್ಲೂ ರೇಟನ್ನು 2π ಮತ್ತು ಪೀಕ್ ವೋಲ್ಟೇಜ್‌ನಿಂದ ಭಾಗಿಸಿದರೆ ಸಿಗುವ ಅಂಕಿ ಅದು. ಆಮೇಲೆ ನೀವು ಅಳೆಯುವುದೆಲ್ಲ ಸ್ಲೂ ರೇಟೇ, ಹೆಸರು ಮಾತ್ರ ಬ್ಯಾಂಡ್‌ವಿಡ್ತ್.

ಗೊತ್ತು ಮಾಡಿಕೊಳ್ಳಲು ಇನ್‌ಪುಟ್ ಅರ್ಧ ಮಾಡಿ. 0.707 ಬರುವ ಫ್ರೀಕ್ವೆನ್ಸಿ ಮೇಲಕ್ಕೆ ಜಿಗಿಯಿತಾ? ಹಾಗಾದರೆ ಸ್ಲೂ. ಇದ್ದಲ್ಲೇ ಇತ್ತಾ? ಅದು ನಿಜವಾದ ಬ್ಯಾಂಡ್‌ವಿಡ್ತ್. ಜಿಗಿಯುವುದು ನಿಲ್ಲುವವರೆಗೆ ಇಳಿಸುತ್ತಾ ಹೋಗಿ. ಇನ್‌ಪುಟ್ 20 ಮಿಲಿವೋಲ್ಟ್‌ಗೆ ಇಳಿಸಿದಾಗ ಅವಳಿಗೆ ಸಿಕ್ಕಿದ್ದು 96 ಕಿಲೋಹರ್ಟ್ಸ್. ಅದೇ ಹಳೇ ಐಸಿ. (ಇನ್ವರ್ಟಿಂಗ್ ಕಟ್ಟಿ ಗೇನ್ 10 ಇಟ್ಟರೆ 11ರಿಂದ ಗುಣಿಸಬೇಕು. ಇದನ್ನೂ ಮರೆಯುತ್ತಾರೆ.)

ಉಲ್ಟಾ ತಪ್ಪು ಮಾಡುವವರೂ ಇದ್ದಾರೆ. 50 ಮಿಲಿವೋಲ್ಟ್ ಸ್ಕ್ವೇರ್ ವೇವ್ ಕೊಟ್ಟು ಸ್ಲೂ ರೇಟ್ ಅಳೆಯುತ್ತಾರೆ. ಅಷ್ಟು ಚಿಕ್ಕ ಮೆಟ್ಟಿಲಿಗೆ ಸ್ಲೂ ಮಿತಿ ಎದುರಾಗುವುದೇ ಇಲ್ಲ. ಗೇನ್ 1 ಇಟ್ಟು 10 ವೋಲ್ಟ್‌ನ ಮೆಟ್ಟಿಲು ಕೊಡಿ, ಶೇಕಡಾ 10ರಿಂದ 90ರವರೆಗಿನ ಇಳಿಜಾರು ನೋಡಿ. 8 ವೋಲ್ಟ್ ಏರಲು 16 ಮೈಕ್ರೋಸೆಕೆಂಡ್ ಹಿಡಿದರೆ ಸರಿಯಾಗಿದೆ. ಏರುವುದನ್ನೂ ಇಳಿಯುವುದನ್ನೂ ಬೇರೆ ಬೇರೆ ಅಳೆಯಿರಿ, ಎರಡೂ ಒಂದೇ ಇರಬೇಕೆಂದೇನಿಲ್ಲ. ಸ್ಕೋಪ್ ಪ್ರೋಬ್‌ನ ಸ್ವಿಚ್ 10Xನಲ್ಲಿರಲಿ.

ಇದೆಲ್ಲ ಬರೀ ಪರೀಕ್ಷೆಗೆ ಅಂದುಕೊಳ್ಳಬೇಡಿ. ಹೊಸನಗರದ ಕಡೆಯಿಂದ ಒಬ್ಬರು ಮೈಕ್ ಸೆಟ್‌ನವರು ಮಿಕ್ಸರ್ ತಂದಿದ್ದರು. "ಮೆಲ್ಲಗೆ ಇಟ್ರೆ ಚಂದ ಕೇಳ್ತದೆ ಸರ್. ಯಕ್ಷಗಾನದ ಆಟಕ್ಕೆ ಜೋರು ಮಾಡಿದ್ರೆ ಚಂಡೆ ತಗಡು ಬಡಿದ ಹಾಗೆ ಆಗ್ತದೆ." ಬಿಚ್ಚಿ ನೋಡಿದರೆ ಔಟ್‌ಪುಟ್ ಹಂತದಲ್ಲಿ ಟಿಎಲ್071 ಎಂಬ ಇನ್ನೊಂದು ಆಪ್-ಆಂಪ್‌ನ ಜಾಗದಲ್ಲಿ 741 ಕೂತಿದೆ. ಹಿಂದೆ ರಿಪೇರಿ ಮಾಡಿದವರು ಕಾಲುಗಳು ಹೊಂದುತ್ತವೆ ಅಂತ ಸುಮ್ನೆ ಹಾಕಿದ್ದಾರೆ. ಕಾಲು ಹೊಂದಿದರೆ ಆಯ್ತಾ? ಟಿಎಲ್071ರ ಸ್ಲೂ ರೇಟ್ 13, ಇಪ್ಪತ್ತಾರು ಪಟ್ಟು ಜಾಸ್ತಿ. ಬದಲಾಯಿಸಿದ ಮೇಲೆ ಸರಿಯಾಯಿತು. ಹಾಗಂತ ಒಡಕು ಧ್ವನಿಗೆಲ್ಲ ಇದೇ ಕಾರಣ ಅಂತ ನಾನು ಹೇಳುವುದಿಲ್ಲ. ಎಷ್ಟೋ ಸಲ ಸ್ಪೀಕರಿನ ಕೋನ್ ಹರಿದಿರುತ್ತದೆ, ಮಳೆಗಾಲದಲ್ಲಂತೂ ಕೇಳಲೇಬೇಡಿ.

ಹುಡುಗಿ ಹೊರಡುವಾಗ ಕೇಳಿದಳು, "ಸರ್, ರೆಕಾರ್ಡ್‌ನಲ್ಲಿ 180 ಹೊಡೆದು ಹಾಕ್ಲಾ?"

"ಬೇಡ, ಇರಲಿ. ಪಕ್ಕದಲ್ಲಿ ಔಟ್‌ಪುಟ್ 20 ವೋಲ್ಟ್ ಇತ್ತು ಅಂತ ಬರಿ. ಕೆಳಗೆ ತ್ರಿಕೋನದ ಚಿತ್ರ ಹಾಕು" ಅಂದೆ.

ಅಲ್ಲೇ ಬೆಂಚಿನ ಮೇಲೆ ಕೂತು ಬರೆದುಕೊಂಡಳು. ಮಳೆ ಇನ್ನೂ ಬಿಟ್ಟಿರಲಿಲ್ಲ.