ಪದ ಪರಿಚಯ: ‘ಸೆಟಲ್ಡ್’ ಎಂದರೆ ಚುಕ್ತಾ ಅಲ್ಲ

ನಾವು ಆಡುವ ಮಾತಿನಲ್ಲಿ ‘ಸೆಟಲ್’ ನೆಮ್ಮದಿಯ ಪದ. ಮಗ ಕೆಲಸ ಹಿಡಿದು ಸೆಟಲ್ ಆದ, ಲೆಕ್ಕ ಸೆಟಲ್ ಆಯ್ತು, ಲೋನ್ ಸೆಟಲ್ ಮಾಡಿದೆ. ಈ ಮೂರರಲ್ಲೂ ಇನ್ನು ಬಾಕಿ ಏನೂ ಉಳಿದಿಲ್ಲ ಎಂಬ ಭಾವವಿದೆ. ನಾವು ಸಾಲ ಪಡೆದು ತೀರಿಸಿದ ಚರಿತ್ರೆಯ ದಾಖಲೆಯಾದ ಕ್ರೆಡಿಟ್ ವರದಿಯಲ್ಲಿ ಇದೇ ಪದ ಬಂದರೆ ಅರ್ಥ ತಿರುಗಿಬೀಳುತ್ತದೆ: ಸಾಲ ಪಡೆದವರು ಕೊಡಬೇಕಾದ್ದನ್ನು ಪೂರ್ತಿ ಕೊಟ್ಟಿಲ್ಲ, ಬ್ಯಾಂಕು ಸಿಕ್ಕಷ್ಟು ತೆಗೆದುಕೊಂಡು ಉಳಿದದ್ದನ್ನು ಬಿಟ್ಟಿದೆ. ಪೂರ್ತಿ ತೀರಿದ ಸಾಲಕ್ಕೆ ಅಲ್ಲಿರುವ ಪದ ‘ಕ್ಲೋಸ್ಡ್’. ಹಳೆಯ ಲೆಕ್ಕದ ಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ ಕ್ಲೋಸ್ಡ್ ಎಂದರೆ ಚುಕ್ತಾ, ಸೆಟಲ್ಡ್ ಎಂದರೆ ರಾಜಿ.

ಈ ವರದಿಗಳನ್ನು ಭಾರತದಲ್ಲಿ ನಾಲ್ಕು ಕಂಪನಿಗಳು ಇಟ್ಟುಕೊಂಡಿರುತ್ತವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯ ಅಡಿ ಇವು ಕೆಲಸ ಮಾಡುತ್ತವೆ. ನಾವು ಬಾಯಿಮಾತಿಗೆ ‘ಸಿಬಿಲ್’ ಎನ್ನುವ 300ರಿಂದ 900ರ ನಡುವಿನ ಅಂಕ (ಸ್ಕೋರ್) ಇದೇ ವರದಿಯಿಂದ ಹುಟ್ಟುವುದು. ಅಂಕ ಎಷ್ಟೆಂದು ನೋಡಿ ಮೊಬೈಲ್ ಕೆಳಗಿಡುವವರೇ ಹೆಚ್ಚು. ನೋಡಬೇಕಾದ್ದು ಕೆಳಗಿರುವ ಖಾತೆಗಳ ವಿವರ.

ಒಂದು ಉದಾಹರಣೆ ತೆಗೆದುಕೊಳ್ಳಿ. ಪರ್ಸನಲ್ ಲೋನ್ ಬಾಕಿ 1,80,000 ರೂಪಾಯಿ. ಐದಾರು ಕಂತು ತಪ್ಪಿದೆ. ವಸೂಲಿಯವರು ಫೋನ್ ಮಾಡಿ, ‘ಒಂದೇ ಸಲಕ್ಕೆ 1,10,000 ಕಟ್ಟಿ, ಮುಗಿಸಿಬಿಡೋಣ’ ಎನ್ನುತ್ತಾರೆ. ನೀವು ಕಟ್ಟುತ್ತೀರಿ, ಪತ್ರವೂ ಬರುತ್ತದೆ. ಆದರೆ ವರದಿಯಲ್ಲಿ ಆ ಖಾತೆಯ ಸ್ಥಿತಿ ‘ಸೆಟಲ್ಡ್’ ಎಂದು ಬೀಳುತ್ತದೆ. ಸೆಟಲ್‌ಮೆಂಟ್ ಮೊತ್ತಕ್ಕೆ, ಬ್ಯಾಂಕು ಬಿಟ್ಟ ಮೊತ್ತಕ್ಕೆ ಅಲ್ಲಿ ಬೇರೆ ಬೇರೆ ಕಲಂಗಳಿವೆ. ನಾಳೆ ಗೃಹಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನ ಅಧಿಕಾರಿ ಮೊದಲು ಓದುವುದು ನಿಮ್ಮಿಂದ ಬಾರದೆ ಹೋದ ಆ 70,000ವನ್ನು.

ವರದಿಯಲ್ಲಿ ಆ ಖಾತೆಯ ಕೆಳಗೆ ತಿಂಗಳುಗಳ ಪಟ್ಟಿಯೊಂದಿರುತ್ತದೆ, ಗರಿಷ್ಠ 36 ತಿಂಗಳದ್ದು. ಪ್ರತಿ ತಿಂಗಳಿಗೂ ಮೂರು ಅಂಕಿ. 000 ಎಂದರೆ ಆ ತಿಂಗಳು ಬಾಕಿ ಇಲ್ಲ. 028 ಎಂದರೆ ಕಟ್ಟಬೇಕಾದ ದಿನ ಕಳೆದು 28 ದಿನ. ಇದಕ್ಕೆ ಡಿಪಿಡಿ (ಡೇಸ್ ಪಾಸ್ಟ್ ಡ್ಯೂ) ಎನ್ನುತ್ತಾರೆ. ಕಂತು ತಪ್ಪಿದ ಖಾತೆಯಲ್ಲಿ 000, 028, 059, 090, 120 ಹೀಗೆ ಮೆಟ್ಟಿಲು ಹತ್ತಿದಂತೆ ಏರುವುದು ಕಾಣುತ್ತದೆ. 90 ದಿನ ದಾಟಿದರೆ ಬ್ಯಾಂಕಿನ ಪುಸ್ತಕದಲ್ಲಿ ಅದು ಎನ್‌ಪಿಎ, ಅಂದರೆ ಕೆಟ್ಟ ಸಾಲ. ಅಂದರೆ ‘ಸೆಟಲ್ಡ್’ ಎಂಬ ಪದ ಬೀಳುವ ಹೊತ್ತಿಗೆ ಸ್ಕೋರ್ ಆಗಲೇ ಪೆಟ್ಟು ತಿಂದಿರುತ್ತದೆ. ರಾಜಿಯಾದ ಮಾತ್ರಕ್ಕೆ ಈ ಅಂಕಿಗಳು ಅಳಿಸಿಹೋಗುವುದಿಲ್ಲ.

ಇನ್ನೊಂದು ಪದ ‘ರಿಟನ್ ಆಫ್’. ಇದನ್ನು ‘ಮನ್ನಾ’ ಎಂದು ತಿಳಿದು ನಿಟ್ಟುಸಿರು ಬಿಟ್ಟವರಿದ್ದಾರೆ. ಅದು ಬ್ಯಾಂಕು ತನ್ನ ಲೆಕ್ಕಪತ್ರಕ್ಕಾಗಿ ಮಾಡಿಕೊಳ್ಳುವ ಹೊಂದಾಣಿಕೆ ಅಷ್ಟೆ. ನಿಮ್ಮ ಸಾಲ ಹಾಗೆಯೇ ಇರುತ್ತದೆ, ವಸೂಲಿಯ ಹಕ್ಕೂ ಇರುತ್ತದೆ. ವರದಿಯಲ್ಲಿ ಇದು ಸೆಟಲ್ಡ್‌ಗಿಂತಲೂ ಕೆಟ್ಟದ್ದು.

ಹಾಗಾದರೆ ಸಾಲ ಪೂರ್ತಿ ತೀರಿಸಿದರೆ ಸ್ಕೋರ್ ಜಿಗಿಯಬೇಕಲ್ಲವೇ? ಹೆಚ್ಚಿನವರ ನಿರೀಕ್ಷೆ ಅದೇ. ಆದರೆ ಸ್ಕೋರ್ ನೋಡುವುದು ನಿಮ್ಮ ತಲೆಯ ಮೇಲೆ ಸಾಲ ಇದೆಯೋ ಇಲ್ಲವೋ ಎಂಬುದಕ್ಕಿಂತ ಹೆಚ್ಚಾಗಿ, ಕೊಟ್ಟ ಮಾತಿನ ದಿನಕ್ಕೆ ಕಟ್ಟಿದಿರೋ ಇಲ್ಲವೋ ಎಂಬುದನ್ನು. ಮೂರು ವರ್ಷ ತಪ್ಪದೆ ಕಂತು ಕಟ್ಟಿದ್ದರೆ ಅದರ ಫಲ ತಿಂಗಳು ತಿಂಗಳೂ ಸೇರುತ್ತಾ ಬಂದಿರುತ್ತದೆ. ಕೊನೆಯ ಕಂತಿನ ದಿನ ಹೊಸದಾಗಿ ಸೇರುವುದು ಅಷ್ಟೇನಿಲ್ಲ. ನಡೆಯುತ್ತಿದ್ದ ಒಂದೇ ಸಾಲ ಮುಗಿದು ಖಾತೆಗಳ ಚಿತ್ರ ಬದಲಾದಾಗ ಅಂಕ ಸ್ವಲ್ಪ ಇಳಿಯುವುದೂ ಉಂಟು. ಅದಕ್ಕೆ ಹೆದರಬೇಡಿ. ಸ್ಕೋರ್ ಉಳಿಸಿಕೊಳ್ಳಲೆಂದು ಬಡ್ಡಿ ಕಟ್ಟುತ್ತಾ ಸಾಲ ಎಳೆಯುವುದು ನಷ್ಟದ ವ್ಯಾಪಾರ. ಕೈಯಲ್ಲಿ ಹಣವಿದ್ದರೆ ತೀರಿಸಿಬಿಡಿ.

ಕ್ರೆಡಿಟ್ ಕಾರ್ಡಿನ ವಿಷಯ ಬೇರೆ. ಅಲ್ಲಿ ದಿನಕ್ಕೆ ಸರಿಯಾಗಿ ಕಟ್ಟುವುದರ ಜೊತೆಗೆ ಮಿತಿಯಲ್ಲಿ ಎಷ್ಟು ಪಾಲು ಬಳಸಿದ್ದೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. 1,00,000 ಮಿತಿಯ ಕಾರ್ಡಿನಲ್ಲಿ 70,000 ಬಳಸಿ, ಗಡುವಿನೊಳಗೆ ಪೂರ್ತಿ ಕಟ್ಟಿದರೂ, ಬ್ಯಾಂಕು ಮಾಹಿತಿ ಕಳಿಸುವ ದಿನ ಖಾತೆಯಲ್ಲಿ 70,000 ನಿಂತಿದ್ದರೆ ವರದಿಗೆ ಹೋಗುವುದು 70 ಶೇಕಡಾ ಬಳಕೆ. 30 ಶೇಕಡಾ ಒಳಗಿರಲಿ ಎಂಬುದು ರೂಢಿಯ ಸಲಹೆ. 31 ಆದ ಕೂಡಲೇ ಆಕಾಶ ಕಳಚಿ ಬೀಳುವುದಿಲ್ಲ. ದೊಡ್ಡ ಖರ್ಚು ಮಾಡಿದ ತಿಂಗಳು ಬಿಲ್ ತಯಾರಾಗುವ ಮೊದಲೇ ಒಂದಷ್ಟು ಕಟ್ಟಿಬಿಟ್ಟರೆ ಸಾಕು. 2025ರ ಜನವರಿ 1ರಿಂದ ಸಾಲ ಕೊಟ್ಟ ಸಂಸ್ಥೆಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕೊಡಬೇಕು ಎಂದು ಆರ್‌ಬಿಐ ನಿಯಮ ಮಾಡಿದ ಮೇಲೆ ಇಂಥ ಬದಲಾವಣೆ ಬೇಗ ಕಾಣುತ್ತದೆ. ಬಿಲ್ಲಿನಲ್ಲಿ ಕಾಣುವ ಕನಿಷ್ಠ ಮೊತ್ತವಾದ ‘ಮಿನಿಮಮ್ ಡ್ಯೂ’ ಮಾತ್ರ ಕಟ್ಟಿದರೆ ಡಿಪಿಡಿ ಏರುವುದಿಲ್ಲ ನಿಜ, ಆದರೆ ಬಡ್ಡಿ ಓಡುತ್ತಿರುತ್ತದೆ, ಬಳಕೆಯ ಪಾಲು ಹೆಚ್ಚೇನೂ ಇಳಿಯುವುದಿಲ್ಲ.

ಸಾಲವೆಲ್ಲ ತೀರಿದ ಖುಷಿಯಲ್ಲಿ ಹಳೆಯ ಕಾರ್ಡನ್ನೂ ಮುಚ್ಚಿಸುವವರು ಒಂದು ಲೆಕ್ಕ ಹಾಕಿ ನೋಡಲಿ. 1,00,000 ಮತ್ತು 50,000 ಮಿತಿಯ ಎರಡು ಕಾರ್ಡುಗಳಲ್ಲಿ ಒಟ್ಟು 40,000 ಬಳಕೆಯಿದ್ದರೆ ಪಾಲು ಸುಮಾರು 27 ಶೇಕಡಾ. ದೊಡ್ಡದನ್ನು ಮುಚ್ಚಿಸಿ ಅಷ್ಟೇ ಖರ್ಚು ಮಾಡಿದರೆ 80. ವಾರ್ಷಿಕ ಶುಲ್ಕವಿಲ್ಲದ ಹಳೆಯ ಕಾರ್ಡನ್ನು ಇಟ್ಟುಕೊಳ್ಳುವುದೇ ಮೇಲು.

ಸಾಲ ‘ಕ್ಲೋಸ್ಡ್’ ಎಂದೇ ದಾಖಲಾಗಬೇಕಾದರೆ ಕೊನೆಯ ಕಂತಿನ ನಂತರವೂ ಕೆಲಸವಿದೆ. ಎಡವುವುದು ಹೆಚ್ಚಾಗಿ ಚಿಲ್ಲರೆ ಬಾಕಿಯಲ್ಲಿ: ಎಂದೋ ಬೌನ್ಸ್ ಆದ ಕಂತಿನ ದಂಡ, ಅದರ ಮೇಲಿನ ಜಿಎಸ್‌ಟಿ, ಅವಧಿಗೆ ಮುಂಚೆ ತೀರಿಸಿದಾಗ ಉಳಿದ ನಾಲ್ಕಾರು ದಿನದ ಬಡ್ಡಿ. ನೂರಿನ್ನೂರು ರೂಪಾಯಿ ಉಳಿದರೂ ಖಾತೆ ಮುಚ್ಚುವುದಿಲ್ಲ, ಡಿಪಿಡಿ ಎಣಿಕೆ ನಿಲ್ಲುವುದಿಲ್ಲ. ಆದ್ದರಿಂದ ಮುಂಗಡವಾಗಿ ತೀರಿಸುವಾಗ ಸಾಲ ಮುಗಿಸಲು ಆ ದಿನಕ್ಕೆ ಎಷ್ಟು ಕಟ್ಟಬೇಕೆಂದು ತಿಳಿಸುವ ಫೋರ್‌ಕ್ಲೋಷರ್ ಸ್ಟೇಟ್‌ಮೆಂಟ್ ಕೇಳಿ ಪಡೆದು, ಪೈಸೆ ಸಮೇತ ಅದೇ ಮೊತ್ತ ಕಟ್ಟಿ. ಆಮೇಲೆ ‘ನೋ ಡ್ಯೂಸ್’ ಪತ್ರ ತೆಗೆದುಕೊಳ್ಳಿ; ಅದರಲ್ಲಿ ಸಾಲದ ಖಾತೆ ಸಂಖ್ಯೆ, ಪೂರ್ತಿ ತೀರಿದೆ ಎಂಬ ಮಾತು, ದಿನಾಂಕ ಇರಬೇಕು. ಕಂತು ತಾನಾಗಿ ಕಡಿತವಾಗುವ ಎನ್‌ಎಸಿಎಚ್ ಒಪ್ಪಿಗೆಯನ್ನು ರದ್ದು ಮಾಡಿಸಿ. ವಾಹನ ಸಾಲವಾದರೆ ಫಾರ್ಮ್ 35 ಮತ್ತು ಎನ್‌ಒಸಿ ಪಡೆದು ಆರ್‌ಸಿಯಲ್ಲಿರುವ ಬ್ಯಾಂಕಿನ ಹೆಸರು ತೆಗೆಸಿ. ಗೃಹಸಾಲವಾದರೆ ಮೂಲ ಪತ್ರಗಳನ್ನು ಪೂರ್ತಿ ತೀರುವಳಿಯಾದ 30 ದಿನದೊಳಗೆ ಬ್ಯಾಂಕು ವಾಪಸ್ ಕೊಡಬೇಕು; ತನ್ನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ನಿಯಮವಿದು.

ಒಂದೆರಡು ತಿಂಗಳು ಬಿಟ್ಟು ವರದಿ ತೆಗೆಸಿ. ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ನಿಮ್ಮ ವರದಿಯನ್ನು ನೀವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕು ನೋಡುವುದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಖಾತೆ ಮುಚ್ಚಿದ ದಿನಾಂಕ ಬಂದಿದೆಯೇ, ಬಾಕಿ ಸೊನ್ನೆಯೇ, ಗಡುವು ಮೀರಿದ ಬಾಕಿ ಸೊನ್ನೆಯೇ ಎಂದು ಮೂರನ್ನೂ ನೋಡಿ. ತಪ್ಪಿದ್ದರೆ ಆ ಕಂಪನಿಯ ಜಾಲತಾಣದಲ್ಲೇ ದೂರು ಕೊಟ್ಟು ನೋ ಡ್ಯೂಸ್ ಪತ್ರದ ಪ್ರತಿಯನ್ನು ಬ್ಯಾಂಕಿಗೂ ಕಳಿಸಿ. 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು.

ಈಗಾಗಲೇ ‘ಸೆಟಲ್ಡ್’ ಬಿದ್ದಿದೆಯೇ? ದಾರಿ ಇದೆ, ಆದರೆ ಅದು ಬ್ಯಾಂಕಿನ ಮೂಲಕವೇ. ಬಿಟ್ಟಿದ್ದ ಮೊತ್ತವನ್ನು ಈಗ ಕಟ್ಟಲು ಸಿದ್ಧ ಎಂದು ಲಿಖಿತವಾಗಿ ಕೇಳಿ. ಎಷ್ಟು ಕಟ್ಟಬೇಕು, ಕಟ್ಟಿದ ಮೇಲೆ ಸ್ಥಿತಿಯನ್ನು ‘ಕ್ಲೋಸ್ಡ್’ ಎಂದು ಬದಲಿಸುತ್ತಾರೆಯೇ ಎಂಬ ಉತ್ತರ ಕೈಗೆ ಬಂದ ಮೇಲೆ ಹಣ ಕಟ್ಟಿ. ಸಾಲ ಕೊಟ್ಟ ಸಂಸ್ಥೆ ಒಪ್ಪದೆ ಕ್ರೆಡಿಟ್ ಕಂಪನಿ ಒಂದಕ್ಷರವನ್ನೂ ತಿದ್ದುವಂತಿಲ್ಲ. ಹಾಗಾಗಿ ಶುಲ್ಕ ಕೊಟ್ಟರೆ ಆ ಪದ ಅಳಿಸಿಕೊಡುತ್ತೇವೆ ಎನ್ನುವ ಮಧ್ಯವರ್ತಿಗಳಿಗೆ ದಯವಿಟ್ಟು ಹಣ ಕೊಡಬೇಡಿ.

ಕೆಲಸ ಹೋಗಿ, ಕಾಯಿಲೆ ಬಿದ್ದು, ಕಟ್ಟಲು ನಿಜಕ್ಕೂ ದಾರಿಯಿಲ್ಲದವರಿಗೆ ರಾಜಿಯೇ ಸರಿಯಾದ ದಾರಿ ಆಗಬಹುದು, ಅದರಲ್ಲಿ ನಾಚಿಕೆಯೇನಿಲ್ಲ. ಅದಕ್ಕೂ ಮೊದಲು, ಸಾಧ್ಯವಾದರೆ ಮೊದಲ ಕಂತು ತಪ್ಪುವ ಮುಂಚೆಯೇ, ಅವಧಿ ಹೆಚ್ಚಿಸಿ ಕಂತು ಇಳಿಸಲು ಆಗುತ್ತದೆಯೇ ಎಂದು ಶಾಖೆಯಲ್ಲಿ ಕೇಳಿ. ರಾಜಿಯೇ ಗತಿಯಾದರೆ ಫೋನಿನ ಮಾತನ್ನು ನಂಬಿ ಹಣ ಹಾಕಬೇಡಿ. ಮೊತ್ತ, ಕೊನೆಯ ದಿನಾಂಕ, ಉಳಿದದ್ದನ್ನು ಕೇಳುವುದಿಲ್ಲ ಎಂಬ ಮಾತು ಇರುವ ಸೆಟಲ್‌ಮೆಂಟ್ ಪತ್ರ ಬ್ಯಾಂಕಿನಿಂದಲೇ ಬರಲಿ, ಹಣವೂ ಸಾಲದ ಖಾತೆಗೇ ಹೋಗಲಿ. ಕೃಷಿಯೇತರ ಸಾಲದಲ್ಲಿ ಹೀಗೆ ರಾಜಿಯಾದವರಿಗೆ ಅದೇ ಬ್ಯಾಂಕು ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವಂತಿಲ್ಲ ಎಂಬುದೂ ಗೊತ್ತಿರಲಿ.

ಸಹಿ ಹಾಕುವ ಮುಂಚೆ ಜಾಮೀನು ನಿಂತವರಿಗೆ, ಜಂಟಿಯಾಗಿ ಸಾಲ ಪಡೆದವರಿಗೆ ವಿಷಯ ತಿಳಿಸಿ. ಆ ಸಾಲ ಅವರ ವರದಿಯಲ್ಲೂ ಇರುತ್ತದೆ. ನಿಮ್ಮ ಖಾತೆಗೆ ಬೀಳುವ ಪದ ಅಲ್ಲೂ ಬೀಳುತ್ತದೆ; ಪೂರ್ತಿ ಕಟ್ಟಿ ಕ್ಲೋಸ್ಡ್ ಮಾಡಿಸಿಕೊಳ್ಳುವ ಶಕ್ತಿ ಅವರಲ್ಲಿ ಯಾರಿಗಾದರೂ ಇದ್ದೀತು.