ಗರ್ಭಿಣಿಯರ ಪರೀಕ್ಷೆಗಳು: 35ರ ಗೆರೆ ಎಲ್ಲಿಂದ ಬಂತು?

ಗರ್ಭಿಣಿಗೆ 35 ದಾಟಿದೆ ಎಂದರೆ ಡಾಕ್ಟರು ಒಂದೆರಡು ಪರೀಕ್ಷೆ ಜಾಸ್ತಿ ಹೇಳುತ್ತಾರೆ. ಆ ವಯಸ್ಸಿಗೆ ದೇಹದಲ್ಲಿ ಏನೋ ದಿಢೀರನೆ ಕೆಡುತ್ತದೆ ಎಂದು ಹೆದರುವವರಿದ್ದಾರೆ. ಹಾಗೇನಿಲ್ಲ. ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುವ ಸಾಧ್ಯತೆ ತಾಯಿಗೆ 25 ಆಗಿದ್ದಾಗ ಸುಮಾರು 1,250ರಲ್ಲಿ ಒಂದು. 35ಕ್ಕೆ ಅದು 350ರಲ್ಲಿ ಒಂದು, 40ಕ್ಕೆ 100ರಲ್ಲಿ ಒಂದು. ಏರುತ್ತಲೇ ಹೋಗುತ್ತದೆ, ನಡುವೆ ಗೋಡೆ ಅಂತ ಇಲ್ಲ. 35ರ ಗೆರೆ ಬಂದದ್ದು ಒಂದು ಸೂಜಿಯಿಂದ.

ಮನುಷ್ಯರಿಗೆ 46 ಕ್ರೋಮೋಸೋಮ್‌ಗಳು (ಜೀವಕೋಶದೊಳಗೆ ಡಿಎನ್‌ಎ ಹೊತ್ತ ಎಳೆಗಳು) ಎಂದು ಸರಿಯಾಗಿ ಎಣಿಸಿದ್ದೇ 1956ರಲ್ಲಿ. ಅಲ್ಲಿಯವರೆಗೆ 48 ಎಂದೇ ನಂಬಿದ್ದರು! ಡೌನ್ ಸಿಂಡ್ರೋಮ್‌ಗೆ 21ನೇ ಕ್ರೋಮೋಸೋಮ್ ಒಂದು ಹೆಚ್ಚಿರುವುದೇ ಕಾರಣ ಎಂದು 1959ರಲ್ಲಿ ಪ್ಯಾರಿಸ್‌ನ ಸಂಶೋಧಕರು ತೋರಿಸಿದರು. 1966ರ ಹೊತ್ತಿಗೆ, ಮಗುವಿನ ಸುತ್ತಲಿನ ನೀರನ್ನು ಸೂಜಿಯಿಂದ ತೆಗೆದು, ಅದರಲ್ಲಿರುವ ಜೀವಕೋಶಗಳನ್ನು ಬೆಳೆಸಿ, ಕ್ರೋಮೋಸೋಮ್ ನೋಡುವುದು ಸಾಧ್ಯವಾಯಿತು. ಇದೇ ಆಮ್ನಿಯೋಸೆಂಟೆಸಿಸ್. ಉತ್ತರ ಖಚಿತ, ಆದರೆ ಗರ್ಭಪಾತದ ಅಪಾಯವಿತ್ತು. ಆಗ ಅದನ್ನು ಸುಮಾರು 200ರಲ್ಲಿ ಒಂದು ಎಂದು ಅಂದಾಜಿಸಿದ್ದರು. ಹಾಗಾದರೆ ಸೂಜಿ ಯಾರಿಗೆ ಚುಚ್ಚಬೇಕು? ಡೌನ್ ಸಿಂಡ್ರೋಮ್ ಒಂದೇ ಅಲ್ಲ, ಎಲ್ಲ ಬಗೆಯ ಕ್ರೋಮೋಸೋಮ್ ತೊಂದರೆ ಸೇರಿಸಿದರೆ ಅದರ ಸಾಧ್ಯತೆ ಸೂಜಿಯ ಅಪಾಯಕ್ಕೆ ಹೆಚ್ಚುಕಡಿಮೆ ಸಮವಾಗುವ ವಯಸ್ಸು 35. ಗೆರೆ ಅಲ್ಲಿ ಬಿತ್ತು.

ಲೆಕ್ಕ ನೀಟಾಗಿತ್ತು, ಆದರೆ ಅದರಲ್ಲೊಂದು ತೂತಿತ್ತು. ಬಸುರಿಯರಲ್ಲಿ ಹೆಚ್ಚಿನವರು 35ರೊಳಗಿನವರು. ಒಬ್ಬೊಬ್ಬರಿಗೂ ಸಾಧ್ಯತೆ ಕಡಿಮೆಯಿದ್ದರೂ, ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟುತ್ತಿದ್ದದ್ದು ಆ ಕಿರಿಯ ತಾಯಂದಿರಿಗೇ. ಎಲ್ಲರಿಗೂ ಸೂಜಿ ಚುಚ್ಚುವಂತಿಲ್ಲ. ಹಾಗಾಗಿ ತಾಯಿಯ ರಕ್ತದಲ್ಲೇ ಸುಳಿವು ಹುಡುಕತೊಡಗಿದರು.

1970ರ ದಶಕದಲ್ಲಿ ಎಎಫ್‌ಪಿ ಎಂಬ ಪ್ರೋಟೀನ್ ಹೆಚ್ಚಿದ್ದರೆ ಮಗುವಿನ ಬೆನ್ನುಹುರಿಯ ದೋಷ ಇರಬಹುದೆಂದು ಗೊತ್ತಾಯಿತು. ಅದೇ ಎಎಫ್‌ಪಿ ಕಡಿಮೆಯಿದ್ದರೆ ಡೌನ್ ಸಿಂಡ್ರೋಮ್‌ನ ಸುಳಿವು ಎಂದು 1984ರಲ್ಲಿ ತಿಳಿಯಿತು. 1992ರಲ್ಲಿ ಲಂಡನ್‌ನ ಕಿಪ್ರೋಸ್ ನಿಕೊಲಾಯ್ಡಿಸ್ ಮತ್ತು ಸಂಗಡಿಗರು ಸ್ಕ್ಯಾನಿಂಗ್‌ನಲ್ಲಿ ಮಗುವಿನ ಕತ್ತಿನ ಹಿಂದಿನ ದ್ರವದ ಪದರವನ್ನು ಅಳೆದರು. ಇವತ್ತು 11ರಿಂದ 13 ವಾರಗಳ ನಡುವೆ ಮಾಡುವ ಎನ್‌ಟಿ ಸ್ಕ್ಯಾನ್ ಇದೇ. ಜೊತೆಗೆ ಡಬಲ್ ಮಾರ್ಕರ್ ರಕ್ತ ಪರೀಕ್ಷೆ ಸೇರಿದರೆ ಡೌನ್ ಸಿಂಡ್ರೋಮ್‌ನ 100 ಪ್ರಕರಣಗಳಲ್ಲಿ 85ರಿಂದ 90 ಸಿಗುತ್ತವೆ. ಅಮೆರಿಕದ ಪ್ರಸೂತಿ ತಜ್ಞರ ಸಂಘ 2007ರಲ್ಲಿ, ವಯಸ್ಸು ಎಷ್ಟೇ ಇರಲಿ, ಸ್ಕ್ರೀನಿಂಗ್ (ಖಚಿತ ಉತ್ತರವಲ್ಲ, ಸಾಧ್ಯತೆ ಎಷ್ಟೆಂದು ಹೇಳುವ ಪರೀಕ್ಷೆ) ಅವಕಾಶ ಎಲ್ಲರಿಗೂ ಕೊಡಿ ಎಂದಿತು.

ಅಷ್ಟರಲ್ಲಿ ಇನ್ನೊಂದು ದಾರಿ ತೆರೆದಿತ್ತು. ತಾಯಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ಚೂರುಗಳು ತೇಲುತ್ತವೆ ಎಂದು ಡೆನಿಸ್ ಲೋ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. 2011ರಲ್ಲಿ ಅದು ಎನ್‌ಐಪಿಟಿ ಎಂಬ ರಕ್ತ ಪರೀಕ್ಷೆಯಾಗಿ ಮಾರುಕಟ್ಟೆಗೆ ಬಂತು. ಹತ್ತನೇ ವಾರದಿಂದಲೇ ಮಾಡಬಹುದು, ಡೌನ್ ಸಿಂಡ್ರೋಮ್‌ನ ಸುಮಾರು ಶೇ. 99 ಪ್ರಕರಣಗಳನ್ನು ಹಿಡಿಯುತ್ತದೆ.

ಈ 99 ಎಂಬ ಅಂಕಿಯೇ ಜನರನ್ನು ಹೆಚ್ಚು ದಾರಿ ತಪ್ಪಿಸುವುದು. ಹತ್ತು ಸಾವಿರ ಗರ್ಭಿಣಿಯರಲ್ಲಿ ಹತ್ತು ಜನರ ಮಗುವಿಗೆ ಈ ಸ್ಥಿತಿ ಇದೆ ಎಂದುಕೊಳ್ಳಿ. ಪರೀಕ್ಷೆ ಹೆಚ್ಚುಕಡಿಮೆ ಆ ಹತ್ತನ್ನೂ ಹಿಡಿಯುತ್ತದೆ. ಉಳಿದವರಲ್ಲಿ ಸಾವಿರಕ್ಕೆ ಒಬ್ಬರಿಗೆ ಸುಮ್ನೆ ಪಾಸಿಟಿವ್ ಬಂದರೂ ಅವರು ಮತ್ತೆ ಹತ್ತು ಜನ. ಅಂದರೆ ಪಾಸಿಟಿವ್ ಬಂದ ಇಪ್ಪತ್ತು ಜನರಲ್ಲಿ ಅರ್ಧದಷ್ಟು ಮಕ್ಕಳಿಗೆ ಏನೂ ಆಗಿರುವುದಿಲ್ಲ! ತಾಯಿಯ ವಯಸ್ಸು ಹೆಚ್ಚಿದಷ್ಟೂ ಪಾಸಿಟಿವ್ ನಿಜವಾಗುವ ಸಾಧ್ಯತೆಯೂ ಹೆಚ್ಚು. ಅಪರೂಪದ ಸ್ಥಿತಿಗಳಲ್ಲಿ ಸುಳ್ಳು ಪಾಸಿಟಿವ್‌ಗಳ ಪಾಲು ಇನ್ನೂ ಜಾಸ್ತಿ.

ಇನ್ನೊಂದು ವಿಷಯವಿದೆ. ಮಗುವಿನದು ಎನ್ನುವ ಆ ಡಿಎನ್‌ಎ ಬರುವುದು ಹೆಚ್ಚಾಗಿ ಮಾಸಿನಿಂದ, ಅಂದರೆ ಪ್ಲಾಸೆಂಟಾದಿಂದ. ಕೆಲವೊಮ್ಮೆ ಮಾಸಿನಲ್ಲಿ ಕಂಡ ದೋಷ ಮಗುವಿನಲ್ಲಿ ಇರುವುದೇ ಇಲ್ಲ. ಅದಕ್ಕೇ ಎನ್‌ಐಪಿಟಿ ಇವತ್ತಿಗೂ ಸ್ಕ್ರೀನಿಂಗ್ ಅಷ್ಟೇ. ಖಚಿತವಾಗಬೇಕಾದರೆ ಹಳೆಯ ಸೂಜಿಗೇ ಹೋಗಬೇಕು: 10ರಿಂದ 13 ವಾರಗಳಲ್ಲಿ ಮಾಸಿನ ಚೂರು ತೆಗೆಯುವ ಸಿವಿಎಸ್, ಇಲ್ಲವೇ 15 ವಾರಗಳ ನಂತರ ಆಮ್ನಿಯೋ. ಸ್ಕ್ಯಾನಿಂಗ್ ನೋಡಿಕೊಂಡೇ ಚುಚ್ಚುವುದರಿಂದ ಅದರ ಅಪಾಯವೂ ಈಗ ಸಾವಿರದಲ್ಲಿ ಒಂದರಿಂದ ಮೂರರಷ್ಟಕ್ಕೆ ಇಳಿದಿದೆ ಎನ್ನುತ್ತಾರೆ.

ಎನ್‌ಐಪಿಟಿ ನೆಗೆಟಿವ್ ಬಂತೆಂದು 18ರಿಂದ 22 ವಾರಗಳ ನಡುವಿನ ಅನಾಮಲಿ ಸ್ಕ್ಯಾನ್ ಬಿಡುವಂತಿಲ್ಲ. ಹೃದಯದ ರಚನೆ, ಬೆನ್ನುಮೂಳೆ, ಕಿಡ್ನಿ ಇವೆಲ್ಲ ಡಿಎನ್‌ಎ ಚೂರುಗಳಲ್ಲಿ ಕಾಣುವುದಿಲ್ಲ, ಸ್ಕ್ಯಾನ್‌ನಲ್ಲೇ ನೋಡಬೇಕು.