ಎಸ್‌ವಿಎನ್‌ನಿಂದ ಗಿಟ್‌ಗೆ ಹೋದರೆ ಹಳೇ ಕಮಿಟ್‌ಗಳು ಉಳಿಯುತ್ತವೆಯೇ?

ಪ್ರಶ್ನೆ: ದಾವಣಗೆರೆಯಲ್ಲಿ ಆರು ಜನ, ಚಿತ್ರದುರ್ಗದಲ್ಲಿ ಇಬ್ಬರು ಸೇರಿ ಅಡಿಕೆ, ಶೇಂಗಾ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಕೋಡೆಲ್ಲ ದಾವಣಗೆರೆಯ ಎಸ್‌ವಿಎನ್ ಸರ್ವರ್‌ನಲ್ಲಿದೆ. ಇತಿಹಾಸ ಕಳೆದುಕೊಳ್ಳದೆ ಗಿಟ್‌ಗೆ ಹೋಗಬಹುದೇ? ಎಷ್ಟು ದಿನ ಕೆಲಸ ನಿಲ್ಲಿಸಬೇಕು?

ಉತ್ತರ: ಹೋಗಬಹುದು. ಎಸ್‌ವಿಎನ್, ಗಿಟ್ ಎರಡೂ ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಸಾಫ್ಟ್‌ವೇರ್‌ಗಳು; ಹಾಗೆ ದಾಖಲಾದ ಒಂದೊಂದು ಬದಲಾವಣೆಯೇ ಕಮಿಟ್, ಎಸ್‌ವಿಎನ್‌ನಲ್ಲಿ ಅದಕ್ಕೆ ನಂಬರ್ ಕೊಟ್ಟು ರಿವಿಷನ್ ಎನ್ನುತ್ತಾರೆ. ಯಾರು, ಯಾವತ್ತು, ಏನು ಬದಲಿಸಿದರು ಎಂಬುದೆಲ್ಲ ಜೊತೆಗೇ ಬರುತ್ತದೆ. ಕೆಲಸ ನಿಲ್ಲಿಸುವುದು ಕೊನೆಯ ಸುತ್ತಿಗೆ ಮಾತ್ರ. ಅದಕ್ಕೆ ಮುಂಚೆ ಪೂರ್ತಿ ಒಂದು ತಾಲೀಮು ಆಗಲೇಬೇಕು. ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ತಾಲೀಮನ್ನು ಚಿತ್ರದುರ್ಗದಿಂದ ನೆಟ್ ಮೇಲೆ ಮಾಡಬೇಡಿ. ಎಸ್‌ವಿಎನ್ ಇತಿಹಾಸವನ್ನು ಗಿಟ್‌ಗೆ ತರುವ ಗಿಟ್-ಎಸ್‌ವಿಎನ್ ಎಂಬ ಸಾಧನ ಒಂದೊಂದೇ ರಿವಿಷನ್ ತರುವುದರಿಂದ ತುಂಬಾ ನಿಧಾನ. ಸರ್ವರ್‌ನಲ್ಲೇ ಎಸ್‌ವಿಎನ್-ಅಡ್ಮಿನ್‌ನ ಹಾಟ್‌ಕಾಪಿ (ಸರ್ವರ್ ನಿಲ್ಲಿಸದೆ ತೆಗೆಯುವ ಪೂರ್ತಿ ನಕಲು) ತೆಗೆದು, ಆ ಪ್ರತಿಯಿಂದ ಕ್ಲೋನ್ (ಇತಿಹಾಸ ಸಮೇತ ಗಿಟ್ ಪ್ರತಿ) ಮಾಡಿ. ಉಬುಂಟುವಿನಲ್ಲಿ ಗಿಟ್-ಎಸ್‌ವಿಎನ್ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಳ್ಳಬೇಕು.

ಹೆಚ್ಚು ಜನ ಎಡವುವುದು ಲೇಖಕರ ಪಟ್ಟಿಯಲ್ಲಿ. ಎಸ್‌ವಿಎನ್ ಕಮಿಟ್‌ನಲ್ಲಿ ಲಾಗಿನ್ ಹೆಸರಷ್ಟೇ ಇರುತ್ತದೆ. ಗಿಟ್‌ಗೆ ಹೆಸರೂ ಬೇಕು, ಇಮೇಲೂ ಬೇಕು. ಎಸ್‌ವಿಎನ್ ಲಾಗ್‌ನಿಂದ ಲಾಗಿನ್‌ಗಳನ್ನು ಹೆಕ್ಕಿ, ಸಾಲಿಗೊಂದರಂತೆ ಬರೆಯಿರಿ: ಲಾಗಿನ್, ಸಮ ಚಿಹ್ನೆ, ಪೂರ್ತಿ ಹೆಸರು, < > ಒಳಗೆ ಇಮೇಲ್. ಕೆಲಸ ಬಿಟ್ಟು ಹೋದವರೂ ಇರಬೇಕು, ಎಲ್ಲರೂ ಹಂಚಿಕೊಂಡಿದ್ದ ‘ಅಡ್ಮಿನ್’ ಲಾಗಿನ್ನೂ ಇರಬೇಕು. ಒಂದು ಹೆಸರು ಬಿಟ್ಟುಹೋದರೂ ಆ ಕಮಿಟ್‌ಗೆ ಬಂದಾಗ ಕ್ಲೋನ್ ನಿಂತುಬಿಡುತ್ತದೆ. ಗಾಬರಿ ಬೇಡ: ಪಟ್ಟಿಗೆ ಸೇರಿಸಿ ಗಿಟ್-ಎಸ್‌ವಿಎನ್ ಫೆಚ್ ಕೊಟ್ಟರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಟ್ರಂಕ್ (ಮುಖ್ಯ ಕೋಡ್), ಬ್ರಾಂಚಸ್ (ಕವಲುಗಳು), ಟ್ಯಾಗ್ಸ್ (ಹೆಸರಿಟ್ಟು ಗುರುತಿಸಿದ ಆವೃತ್ತಿಗಳು) ಫೋಲ್ಡರ್‌ಗಳು ಮಾಮೂಲಿ ರೀತಿಯಲ್ಲಿದ್ದರೆ ಸ್ಟ್ಯಾಂಡರ್ಡ್ ಲೇಔಟ್ ಆಯ್ಕೆ ಸಾಕು. ‘ನೋ ಮೆಟಾಡೇಟಾ’ ಆಯ್ಕೆಯನ್ನು ಹಲವರು ಶಿಫಾರಸು ಮಾಡುತ್ತಾರೆ; ನಮ್ಮ ಸಲಹೆ, ಬೇಡ. ಅದನ್ನು ಹಾಕಿದರೆ ಕಮಿಟ್ ಸಂದೇಶದಲ್ಲಿ ಹಳೆಯ ರಿವಿಷನ್ ನಂಬರ್ ಇರುವುದಿಲ್ಲ. ‘ಹಮಾಲಿ ಲೆಕ್ಕದ ತಪ್ಪು 1423ರಲ್ಲಿ ಸರಿಯಾಗಿದೆ’ ಎಂದು ನಿಮ್ಮ ದೂರು ಪುಸ್ತಕದಲ್ಲಿದ್ದರೆ, ಆ 1423 ಯಾವುದೆಂದು ಆಮೇಲೆ ಹುಡುಕುವುದು ಕಷ್ಟ.

ಕೆಲವು ಸಂಗತಿ ತಾವಾಗಿಯೇ ಬರುವುದಿಲ್ಲ. ಟ್ಯಾಗ್‌ಗಳು ರಿಮೋಟ್ ಬ್ರಾಂಚ್‌ಗಳಾಗಿ ಬರುತ್ತವೆ, ಒಂದೊಂದನ್ನೂ ನಿಜವಾದ ಟ್ಯಾಗ್ ಮಾಡಬೇಕು. ಖಾಲಿ ಫೋಲ್ಡರನ್ನು ಗಿಟ್ ಇಟ್ಟುಕೊಳ್ಳುವುದಿಲ್ಲ. ಬಿಲ್‌ಗಳನ್ನು ಬರೆಯುವ ಔಟ್‌ಪುಟ್ ಫೋಲ್ಡರ್ ಹೊಸ ಕ್ಲೋನ್‌ನಲ್ಲಿ ಇಲ್ಲದೆ ಪ್ರೋಗ್ರಾಂ ಬೀಳಬಹುದು, ಅದರೊಳಗೆ ಚಿಕ್ಕದೊಂದು ಫೈಲ್ ಇಡಿ. ಎಕ್ಸ್‌ಟರ್ನಲ್ಸ್ (ಬೇರೆಡೆಯ ಕೋಡನ್ನು ಎಳೆದು ತರುವ ಎಸ್‌ವಿಎನ್ ಸೌಲಭ್ಯ) ಬಳಸಿ ತರುತ್ತಿದ್ದ ಪ್ರಿಂಟಿಂಗ್ ಕೋಡ್‌ಗೆ, ಗಿಟ್‌ನಲ್ಲಿ ಅಂಥದೇ ಕೆಲಸ ಮಾಡುವ ಸಬ್‌ಮಾಡ್ಯೂಲ್ ಬೇಕು. ಗಿಟ್ ಕೋಡ್ ಇಡುವ ಗಿಟ್‌ಹಬ್ ತಾಣಕ್ಕೆ ಹಾಕುವುದಾದರೆ 100 ಎಂಬಿ ಮೀರಿದ ಫೈಲ್ ಇತಿಹಾಸದಲ್ಲಿ ಎಲ್ಲಿದ್ದರೂ ಪುಶ್ (ಅಲ್ಲಿಗೆ ಕಳಿಸುವುದು) ಆಗದು. ಯಾರೋ ಹಿಂದೊಮ್ಮೆ ಹಾಕಿ ಅಳಿಸಿದ ಡೇಟಾಬೇಸ್ ಬ್ಯಾಕಪ್ ಕೂಡ ಲೆಕ್ಕಕ್ಕೆ ಬರುತ್ತದೆ. ಅಂಥದ್ದನ್ನು ಇತಿಹಾಸದಿಂದಲೇ ಅಳಿಸುವ ಗಿಟ್ ಫಿಲ್ಟರ್-ರೆಪೋ ಸಾಧನ ಬಳಸಿ ತೆಗೆಯಿರಿ.

‘ತೂಕದ ಚೀಟಿ’ಯಂಥ ಕನ್ನಡ ಫೈಲ್ ಹೆಸರು ಗಿಟ್ ಸ್ಟೇಟಸ್‌ನಲ್ಲಿ \340\262\244 ಎಂದು ಶುರುವಾಗುವ ಅಂಕಿಗಳಾಗಿ ಕಂಡರೆ ಫೈಲ್ ಕೆಟ್ಟಿಲ್ಲ. ಕೋರ್ ಕೋಟ್‌ಪಾತ್ ಸೆಟ್ಟಿಂಗನ್ನು ಫಾಲ್ಸ್ ಮಾಡಿ, ಕನ್ನಡದಲ್ಲೇ ಕಾಣುತ್ತದೆ.

ಈಗ ಹೋಲಿಸಿ ನೋಡಿ. ಕೀವರ್ಡ್ಸ್ (ಫೈಲ್‌ನೊಳಗೆ ಎಸ್‌ವಿಎನ್ ತಾನೇ ತುಂಬುವ ರಿವಿಷನ್ ನಂಬರ್, ದಿನಾಂಕದಂಥವು), ಎಕ್ಸ್‌ಟರ್ನಲ್ಸ್ ಎರಡನ್ನೂ ಬಿಟ್ಟು ಟ್ರಂಕ್ ಎಕ್ಸ್‌ಪೋರ್ಟ್ ಮಾಡಿ, ಗಿಟ್ ಫೋಲ್ಡರ್ ಜೊತೆ ಡಿಫ್ (ವ್ಯತ್ಯಾಸ ತೋರಿಸುವ ಆಜ್ಞೆ) ಕೊಡಿ. ಖಾಲಿ ಫೋಲ್ಡರ್, ನೀವೇ ಸೇರಿಸಿದ್ದು ಬಿಟ್ಟು ಬೇರೆ ವ್ಯತ್ಯಾಸ ಕಂಡರೆ ಅಲ್ಲೇ ನಿಲ್ಲಿ, ಕಾರಣ ಹುಡುಕಿ.

ಕೊನೆಯ ಸುತ್ತನ್ನು ಮಂಡಿ ವ್ಯಾಪಾರವಿಲ್ಲದ ದಿನ ಇಟ್ಟುಕೊಳ್ಳಿ. ಹಿಂದಿನ ಸಂಜೆಯೊಳಗೆ ಎಂಟೂ ಜನ ಕಮಿಟ್ ಮುಗಿಸಲಿ. ಎಸ್‌ವಿಎನ್‌ನ ಪ್ರಿ-ಕಮಿಟ್ ಹುಕ್‌ನಲ್ಲಿ (ಪ್ರತಿ ಕಮಿಟ್‌ಗೆ ಮುಂಚೆ ಓಡುವ ಸ್ಕ್ರಿಪ್ಟ್) ‘ಗಿಟ್‌ಗೆ ಬನ್ನಿ’ ಎಂಬ ಸಂದೇಶ ಎರರ್ ಆಗಿ ಕಾಣುವಂತೆ ಬರೆದು, ಕಮಿಟ್ ತಡೆಯಲು ಎಕ್ಸಿಟ್ 1 ಹಾಕಿ. ಮರೆತು ಕಮಿಟ್ ಮಾಡಿದವರಿಗೆ ಅದು ಕಾಣುತ್ತದೆ. ಲಿನಕ್ಸ್‌ನಲ್ಲಿ ಹುಕ್ ಫೈಲ್‌ಗೆ ಎಕ್ಸಿಕ್ಯೂಟ್ ಅನುಮತಿ ಇಲ್ಲದಿದ್ದರೆ ಕಮಿಟ್ ನಿಲ್ಲುತ್ತದೆ, ಆದರೆ ನಿಮ್ಮ ಸಂದೇಶ ಕಾಣುವುದಿಲ್ಲ; ಒಂದು ಕಮಿಟ್ ಮಾಡಿ ಪರೀಕ್ಷಿಸಿ. ಆಮೇಲೆ ತಾಲೀಮಿನ ಹೆಜ್ಜೆಗಳನ್ನೇ ಮತ್ತೊಮ್ಮೆ ಮಾಡಿ ಮುಗಿಸಿ, ಎಲ್ಲರೂ ಹೊಸ ಗಿಟ್‌ನಿಂದ ಹೊಸದಾಗಿ ಕ್ಲೋನ್ ಮಾಡಲಿ. ಕಮಿಟ್ ಆಗದೆ ಉಳಿದ ಕೆಲಸವಿದ್ದವರು ಎಸ್‌ವಿಎನ್ ಡಿಫ್ ತೆಗೆದು, ಗಿಟ್ ಅಪ್ಲೈಗೆ -ಪಿ0 ಆಯ್ಕೆ ಕೊಟ್ಟು ಹಾಕಿಕೊಳ್ಳಬಹುದು.